ತಂಬೂರಿಯನ್ನೇ ಗದ್ದಲವೆಂದು ಅಳಿಸಿಬಿಟ್ಟಿದ್ದೆ

ಆಕಾಶವಾಣಿಯ ಸಿಗ್ನೇಚರ್ ಟ್ಯೂನನ್ನು ಬೇಕೆಂದು ರೆಕಾರ್ಡ್ ಮಾಡಿಕೊಂಡವರು ನನಗೆ ಗೊತ್ತಿದ್ದಂತೆ ಯಾರೂ ಇಲ್ಲ. ದಿನಾ ಬೆಳಗ್ಗೆ ತಾನಾಗಿ ಬರುತ್ತಿದ್ದದ್ದನ್ನು ಯಾರು ಕೂಡಿಡುತ್ತಾರೆ? ನಮ್ಮ ಮನೆಯ ಕ್ಯಾಸೆಟ್ಟುಗಳಲ್ಲಿ ಅದು ಉಳಿದದ್ದು ಅಪ್ಪನ ಆತಂಕದಿಂದ. ಅಜ್ಜಿಗೆ ಬೆಳಗಿನ ದಾಸರ ಪದಗಳು ಬೇಕಾಗಿದ್ದವು. ಮೊದಲ ಸಾಲು ಎಲ್ಲಿ ತಪ್ಪಿಹೋಗುತ್ತದೋ ಎಂದು ಅಪ್ಪ ಭದ್ರಾವತಿ ನಿಲಯ ಬಾಯಿ ತೆರೆಯುವ ಮುಂಚೆಯೇ ಮರ್ಫಿ ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ಕೆಂಪು ಗುಂಡಿ ಒತ್ತಿ ಕೂತಿರುತ್ತಿದ್ದರು. ಹಾಗಾಗಿ ದಾಸರ ಪದಕ್ಕೆ ಮುಂಚೆ ವಂದೇ ಮಾತರಂ, ಅದಕ್ಕೂ ಮುಂಚೆ ಆ ಟ್ಯೂನಿನ ಪಿಟೀಲು, ಅದಕ್ಕೂ ಮುಂಚೆ ಬರೀ ಕರಕರ.

ಅಪ್ಪ ಹೋದ ಮೇಲೆ ಟ್ರಂಕಿನಲ್ಲಿ 14 ಕ್ಯಾಸೆಟ್ ಸಿಕ್ಕವು. ಅವುಗಳಲ್ಲಿ ಐದರ ತುದಿಯಲ್ಲಿ ರೇಡಿಯೋದ ಇಂಥ ಚೂರುಗಳಿದ್ದವು. ನಿಮ್ಮ ಮನೆಯಲ್ಲೂ ಹಳೆಯ ಕ್ಯಾಸೆಟ್ ಇದ್ದರೆ ಹುಡುಕಬೇಕಾದ ಜಾಗ ಅದೇ, ಮಗ್ಗುಲಿನ ಮೊದಲ ಎರಡು ನಿಮಿಷ. ಮೇಲೆ ಬರೆದ ಚೀಟಿಯನ್ನು ನಂಬಬೇಡಿ. ಚೀಟಿ ಹಾಡಿನ ಹೆಸರು ಹೇಳುತ್ತದೆ, ಹಾಡಿಗೆ ಮುಂಚೆ ಏನಿತ್ತು ಎಂದು ಹೇಳುವುದಿಲ್ಲ.

ಆದರೆ ಕ್ಯಾಸೆಟ್ಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದಿರುವುದೂ ಆ ಭಾಗವೇ. ರಿವೈಂಡ್ ಆಗಿ ನಿಂತಾಗಲೆಲ್ಲ ಜಗ್ಗಿಸಿಕೊಂಡು, ಮಡಚಿಕೊಂಡು, ಬೆರಳಿನ ಎಣ್ಣೆ ಹತ್ತಿಸಿಕೊಂಡು ಇರುತ್ತದೆ. ನಾನು ಮೊದಲು ತೆಗೆದುಕೊಂಡ 1987ರ ಕ್ಯಾಸೆಟ್ಟಿನಲ್ಲಿ ಟೇಪನ್ನು ಅದರ ಸದ್ದು ಓದುವ ಹೆಡ್ಡಿಗೆ ಒತ್ತುವ ಚಿಕ್ಕ ಫೆಲ್ಟ್ ತುಂಡು ಅಂಟು ಒಣಗಿ ಉದುರಿಹೋಗಿತ್ತು. ಡಬ್ಬಿ ಸ್ಕ್ರೂ ಇಲ್ಲದ, ಅಂಟಿಸಿದ ಜಾತಿಯದು. ಅದನ್ನು ಅಂಚಿನಲ್ಲಿ ನಿಧಾನವಾಗಿ ಸೀಳಿ, ಸುರುಳಿಗಳನ್ನು ಐದು ಸ್ಕ್ರೂ ಇರುವ ಖಾಲಿ ಡಬ್ಬಿಗೆ ಕೂರಿಸಿದೆ. ಆಮೇಲೆ ಪೆನ್ಸಿಲ್ ಹಾಕಿ ಕೈಯಲ್ಲೇ ಕೊನೆಯವರೆಗೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿದೆ. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು. ವರ್ಷಗಟ್ಟಲೆ ಅಲುಗಾಡದೆ ಕೂತ ಟೇಪನ್ನು ನೇರವಾಗಿ ಮೋಟಾರಿಗೆ ಕೊಟ್ಟರೆ ಅಂಟಿಕೊಂಡ ಪದರ ಕಿತ್ತುಬರುವ ಭಯ ನನಗೆ.

ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದ ಮೇಲೆ ಹೆಡ್ಡಿನ ಕೋನ ತಿದ್ದುವ ಅಜಿಮತ್ ಸ್ಕ್ರೂ. ಅಪ್ಪನ ರೆಕಾರ್ಡರಿನ ಹೆಡ್ ಕೂತಿದ್ದ ಕೋನವೇ ಬೇರೆ, ನನ್ನ ಡೆಕ್ಕಿನದೇ ಬೇರೆ. ಕೋನ ಹೊಂದದಿದ್ದರೆ ದನಿ ಕಂಬಳಿಯೊಳಗಿಂದ ಬಂದಂತೆ ಕೇಳುತ್ತದೆ. ಎರಡೂ ಚಾನೆಲ್ ಕೂಡಿಸಿ ಮೋನೋ ಮಾಡಿ ಕೇಳುತ್ತಾ, ಕರಕರ ಅತ್ಯಂತ ಚೂಪಾಗಿ ಕೇಳುವವರೆಗೆ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿದೆ. ಇಲ್ಲಿ ಕರಕರವೇ ನಮ್ಮ ಸ್ನೇಹಿತ. ಅದು ಚೂಪಾದಾಗ ಪಿಟೀಲೂ ಚೂಪಾಗಿರುತ್ತದೆ. ಕೆಲಸದ ಅರ್ಧಕ್ಕಿಂತ ಹೆಚ್ಚು ಫಲ ಸಿಗುವುದು ಈ ಒಂದು ಹೆಜ್ಜೆಯಲ್ಲಿ. ಕಂಪ್ಯೂಟರಿಗೆ ಬಂದ ಮೇಲೆ ಎಷ್ಟು ತಿದ್ದಿದರೂ ಇದನ್ನು ಗಳಿಸಲಾಗದು. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಆ ಮೂಲ ಕಡತವನ್ನು ಎರಡು ಕಡೆ ಇಟ್ಟು, ಪ್ರತಿಯ ಮೇಲೆ ಮಾತ್ರ ಕೈಯಾಡಿಸಿದೆ. ಆ ಬುದ್ಧಿ ಇದ್ದದ್ದಕ್ಕೆ ಮುಂದಿನ ತಪ್ಪು ತಿದ್ದಲು ಸಾಧ್ಯವಾಯಿತು.

ತಪ್ಪು ಹೀಗಾಯಿತು. ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಗದ್ದಲ ಕಡಿಮೆ ಮಾಡಲು ಮೊದಲು ಬರೀ ಗದ್ದಲ ಇರುವ ಒಂದು ತುಣುಕು ತೋರಿಸಬೇಕು. ‘ಇದು ಬೇಡದ್ದು’ ಎಂದು ಅದಕ್ಕೆ ಕಲಿಸಿಕೊಟ್ಟಂತೆ. ಯಾವ ಯಾವ ಆವರ್ತನದಲ್ಲಿ ಎಷ್ಟು ಸದ್ದಿದೆ ಎಂದು ಅದು ಲೆಕ್ಕ ಹಾಕಿಕೊಂಡು, ಆಮೇಲೆ ಇಡೀ ಕಡತದಲ್ಲಿ ಆ ಮಟ್ಟಕ್ಕಿಂತ ಕೆಳಗಿರುವುದನ್ನೆಲ್ಲ ಅದುಮುತ್ತದೆ. ನಾನು ಪಿಟೀಲು ಶುರುವಾಗುವುದಕ್ಕೆ ತುಸು ಮುಂಚಿನ ಎರಡು ಸೆಕೆಂಡ್ ಆರಿಸಿ, 24 ಡೆಸಿಬೆಲ್ ಇಳಿಸಿದೆ. ಫಲಿತಾಂಶ ಕೇಳಿ ಹಿಗ್ಗಿದೆ. ಕರಕರ ಮಾಯ! ಪಿಟೀಲು ಒಂಟಿಯಾಗಿ, ಸ್ವಚ್ಛವಾಗಿ ನಿಂತಿತ್ತು.

ಮೂರನೆಯ ದಿನ ಅಮ್ಮನಿಗೆ ಕೇಳಿಸಿದೆ. ಅಮ್ಮನಿಗೆ ಈಗ ಎಂಬತ್ತು. ಒಂದು ಸಲ ಕೇಳಿದರು, ಇನ್ನೊಂದು ಸಲ ಹಾಕು ಅಂದರು. ಆಮೇಲೆ, "ಹಿಂದ್ಗಡೆ ಝೇಂ ಅಂತ ಒಂದು ಇರ್ತಿತ್ತಲ್ಲ, ಅದೆಲ್ಲೋಯ್ತು?" ಅಂದರು.

ಹೆಡ್‌ಫೋನ್ ಹಾಕಿ ಮೂಲ ಕಡತ ಕೇಳಿದೆ. ನಾನು ‘ಬರೀ ಗದ್ದಲ’ ಎಂದು ತೋರಿಸಿದ್ದ ಆ ಎರಡು ಸೆಕೆಂಡಿನಲ್ಲಿ ತಂಬೂರಿ ಆಗಲೇ ಮೆಲ್ಲಗೆ ಶುರುವಾಗಿತ್ತು. ಷಡ್ಜವನ್ನೂ ಪಂಚಮವನ್ನೂ ಅವುಗಳ ಮೇಲಿನ ಸ್ವರಾಂಶಗಳನ್ನೂ ನಾನೇ ಕೈಯಾರೆ ‘ಬೇಡದ್ದು’ ಎಂದು ಕಲಿಸಿದ್ದೆ. ಯಂತ್ರ ಹೇಳಿದ ಮಾತು ಕೇಳಿತ್ತು ಅಷ್ಟೇ. ಅದಕ್ಕೆ ಗದ್ದಲವೆಂದರೆ ಬದಲಾಗದೆ, ನಿಲ್ಲದೆ, ಒಂದೇ ಸಮನೆ ಇರುವ ಸದ್ದು. ನಮ್ಮ ಸಂಗೀತದಲ್ಲಿ ಒಂದೇ ಸಮನೆ ಇರುವುದು ಶ್ರುತಿ. ಅದು ಹೋದರೆ ಉಳಿದ ಸ್ವರಗಳು ಎಲ್ಲಿ ನಿಲ್ಲಬೇಕು? ಪಿಟೀಲಿನ ತಗ್ಗಿನ ನಾದವೂ ಅದರ ಜೊತೆ ಸವೆದುಹೋಗಿತ್ತು. ಮೂರು ದಿನ ನನ್ನ ಕಿವಿಗೆ ಇದು ಬೀಳಲಿಲ್ಲವಲ್ಲ ಎಂಬುದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಈ ಟ್ಯೂನಿಗೆ ತಂಬೂರಿ ಬರೀ ಹಿನ್ನೆಲೆಯಲ್ಲ. ರಚಿಸಿದವರು ವಾಲ್ಟರ್ ಕೌಫ್‌ಮನ್, 1907ರಲ್ಲಿ ಈಗಿನ ಚೆಕ್ ದೇಶದ ಕಾರ್ಲ್ಸ್‌ಬಾಡಿನಲ್ಲಿ ಹುಟ್ಟಿದ ಯಹೂದಿ ಸಂಗೀತಗಾರ. ನಾಜಿಗಳ ಕಾಲದಲ್ಲಿ ಯುರೋಪ್ ಬಿಟ್ಟು 1934ರಲ್ಲಿ ಮುಂಬಯಿಗೆ ಬಂದರು, ಅಲ್ಲಿನ ರೇಡಿಯೋ ನಿಲಯದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಂಡರು, 1946ರವರೆಗೆ ಭಾರತದಲ್ಲಿದ್ದರು. ರಾಗ ಶಿವರಂಜನಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಪಿಟೀಲು ಜುಬಿನ್ ಮೆಹ್ತಾ ಅವರ ತಂದೆ ಮೆಹ್ಲಿ ಮೆಹ್ತಾ ಅವರದೆಂಬ ಮಾತೂ ಪ್ರಚಲಿತ. ಯುರೋಪಿನಿಂದ ಬಂದವರು ಪಿಟೀಲಿನ ಕೆಳಗೆ ಪಿಯಾನೋ ಇಡಬಹುದಿತ್ತು, ತಂಬೂರಿ ಇಟ್ಟರು. ಮುಂದೆ ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾ ಉತ್ತರಾದಿ, ದಕ್ಷಿಣಾದಿ ಎರಡೂ ಪದ್ಧತಿಯ ರಾಗಗಳ ಮೇಲೆ ದೊಡ್ಡ ಗ್ರಂಥಗಳನ್ನು ಬರೆದರು. ಟ್ಯೂನ್ ಮುಗಿದ ಮೇಲೆ ಬರುವ ‘ಆಕಾಶವಾಣಿ’ ಎಂಬ ಮಾತು ಮಾತ್ರ ನಮ್ಮ ಕಡೆಯದು. ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿ ಶುರುಮಾಡಿದ ಪುಟ್ಟ ನಿಲಯದ ಹೆಸರದು. ಅಪ್ಪನ ಕ್ಯಾಸೆಟ್ಟಿನಲ್ಲಿ ಮುಂಬಯಿಯ ನಾದವೂ ಮೈಸೂರಿನ ಹೆಸರೂ ನಿಮಿಷಗಳ ಅಂತರದಲ್ಲಿ ಒಟ್ಟಿಗಿವೆ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಸರಿ, ತಿದ್ದಿದ್ದು ಹೇಗೆ? ರೇಡಿಯೋ ಕೇಳಿ ಬೆಳೆದವರಿಗೆ ನೆನಪಿರಬಹುದು. ನಿಲಯ ಶುರುವಾಗುವ ಮುಂಚೆ ಸೆಟ್ಟಿನಲ್ಲಿ ಜೋರಾಗಿ ಭೋರೆನ್ನುವ ಸದ್ದು. ಪ್ರೇಷಕ ಚಾಲೂ ಆದ ಕ್ಷಣ ಅದು ತಟ್ಟನೆ ಇಳಿದು ಒಂಥರಾ ತುಂಬಿದ ಮೌನ ಬರುತ್ತದೆ. ರೇಡಿಯೋಗೆ ಬಲವಾದ ಅಲೆ ಸಿಕ್ಕಿದ ಕೂಡಲೇ ಅದು ತನ್ನ ವರ್ಧನೆಯನ್ನು ತಾನೇ ತಗ್ಗಿಸಿಕೊಳ್ಳುವುದರಿಂದ ಹೀಗಾಗುತ್ತದೆ. ನನಗೆ ಬೇಕಾದದ್ದು ಆ ಮೌನ. ಅಲೆ ಬಂದಿದೆ, ಸಂಗೀತ ಬಂದಿಲ್ಲ. ಒಂದೂವರೆ ಸೆಕೆಂಡಿನಷ್ಟೇ ಇತ್ತು, ಸಾಕಾಯಿತು. ಅದನ್ನು ಮಾದರಿಯಾಗಿ ಕೊಟ್ಟು ಈ ಸಲ 6 ಡೆಸಿಬೆಲ್ ಮಾತ್ರ ಇಳಿಸಿದೆ. ಕರಕರ ಉಳಿಯಿತು, ತಂಬೂರಿಯೂ ಉಳಿಯಿತು. ಮರ್ಫಿಯ ಕರೆಂಟ್ ಹಮ್ಮನ್ನು, ಅಂದರೆ ಕರೆಂಟಿನಿಂದ ಬರುವ ಗುಂಯ್ ಸದ್ದನ್ನು, ಕತ್ತರಿಸುವಾಗಲೂ 50, 100, 150 ಹರ್ಟ್ಸ್ ಸುತ್ತ ಬಹಳ ಕಿರಿದಾದ ಫಿಲ್ಟರ್ ಹಾಕಿದೆ. ಅಗಲ ಮಾಡಿದರೆ ಮತ್ತೆ ಮಂದ್ರದ ತಂತಿಗೇ ಏಟು.

ಉಳಿದದ್ದು ವೇಗ. ಅಪ್ಪನ ರೆಕಾರ್ಡರ್ ಓಡುತ್ತಿದ್ದದ್ದು ಬ್ಯಾಟರಿಯಲ್ಲಿ. ಸೆಲ್ ಸೋತಂತೆ ಮೋಟಾರು ನಿಧಾನ, ಹಾಗೆ ತುಂಬಿದ್ದನ್ನು ಸರಿಯಾದ ಡೆಕ್ಕಿನಲ್ಲಿ ಹಾಕಿದರೆ ಎಲ್ಲ ಮೇಲಿನ ಶ್ರುತಿಯಲ್ಲಿ ಓಡುತ್ತದೆ. ಕರೆಂಟ್ ಹಮ್ಮನ್ನು 50ಕ್ಕೆ ಕೂರಿಸಿ ವೇಗ ಸರಿಮಾಡಿ ಎನ್ನುವವರಿದ್ದಾರೆ. ಆ ಕಾಲದ ನಮ್ಮ ವಿದ್ಯುತ್ ಜಾಲದ ಆವರ್ತನ 50ರಲ್ಲಿ ನಿಲ್ಲುತ್ತಿರಲಿಲ್ಲ, ಆ ಅಳತೆಗೋಲೇ ಸೊಟ್ಟ. ದಾರಿ ಸಿಕ್ಕಿದ್ದು 1991ರ ಇನ್ನೊಂದು ಕ್ಯಾಸೆಟ್ಟಿನಲ್ಲಿ. ಅಷ್ಟು ಹೊತ್ತಿಗೆ ಮನೆಗೆ ರೇಡಿಯೋ, ಟೇಪ್ ಎರಡೂ ಇರುವ ಟೂ-ಇನ್-ಒನ್ ಬಂದಿತ್ತು. ಮೈಕ್ ಇಲ್ಲದೆ ಒಳಗಿನಿಂದಲೇ ರೆಕಾರ್ಡ್ ಆಗಿದ್ದರಿಂದ ಚೂಪು ಸದ್ದುಗಳೂ ಉಳಿದಿದ್ದವು. ಅದರ ಸ್ಪೆಕ್ಟ್ರೋಗ್ರಾಮಿನಲ್ಲಿ, ಅಂದರೆ ಸದ್ದಿನ ಆವರ್ತನಗಳನ್ನು ತೋರಿಸುವ ಚಿತ್ರದಲ್ಲಿ, ಸಂಗೀತಕ್ಕಿಂತ ಬಹಳ ಮೇಲೆ ಒಂದು ಕೂದಲೆಳೆಯಂಥ ಗೆರೆ, 9,216 ಹರ್ಟ್ಸ್‌ನಲ್ಲಿ. ಮೊದಲು ತಲೆಬುಡ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಮಧ್ಯಮ ತರಂಗದಲ್ಲಿ (ಮೀಡಿಯಂ ವೇವ್) ನಮ್ಮ ನಿಲಯಗಳು 9 ಕಿಲೋಹರ್ಟ್ಸ್ ಅಂತರದಲ್ಲಿ ಕೂರುತ್ತವೆ. ಆಗ ಭದ್ರಾವತಿ 675ರಲ್ಲಿತ್ತು, ಪಕ್ಕದಲ್ಲಿ ಕೋಳಿಕ್ಕೋಡ್ 684ರಲ್ಲಿ. ಎರಡು ಅಲೆಗಳು ತಿಕ್ಕಾಡಿದರೆ ಹುಟ್ಟುವ ಸಿಳ್ಳೆ ಕರಾರುವಾಕ್ಕಾಗಿ 9,000. ಹಾಗಾದರೆ ಟೇಪು ನೂರಕ್ಕೆ 2.4ರಷ್ಟು ವೇಗವಾಗಿ ಓಡುತ್ತಿದೆ! ಕೇರಳದ ನಿಲಯವೊಂದು ಮೂರು ದಶಕದ ಹಿಂದೆ ಬೇಡವಾಗಿ ನುಸುಳಿದ್ದು ನನಗೆ ಶ್ರುತಿಪೆಟ್ಟಿಗೆಯಾಯಿತು.

ಅಷ್ಟು ಇಳಿಸಿದಾಗ ಸಿಕ್ಕ ತಂಬೂರಿಯ ಷಡ್ಜಕ್ಕೆ 1987ರ ಕ್ಯಾಸೆಟ್ಟಿನ ಷಡ್ಜ ಹೊಂದಿಸಿದೆ. ಟ್ಯೂನ್ ನುಡಿಸುವ ನಿಲಯದ ಯಂತ್ರದ ವೇಗ ಕೂದಲೆಳೆಯಷ್ಟು ಆಚೀಚೆ ಇದ್ದರೂ ಬ್ಯಾಟರಿಯ ಸೋಲಿನ ಮುಂದೆ ಅದು ಲೆಕ್ಕಕ್ಕಿಲ್ಲ. ಶುರುವಿನಲ್ಲಿ ನೂರಕ್ಕೆ 3.1 ಇಳಿಸಬೇಕಾಯಿತು. ಅದೇ ಮಗ್ಗುಲಿನಲ್ಲಿ ಮುಂದೆ ವಾರ್ತೆಗೆ ಮೊದಲಿನ ‘ಪೀಪ್ ಪೀಪ್’ ಸಿಕ್ಕಿತು. ಸೆಕೆಂಡಿಗೊಂದು ಬರಬೇಕಾದವು 0.958 ಸೆಕೆಂಡಿಗೊಂದು ಬರುತ್ತಿದ್ದವು, ಅಂದರೆ ಅಲ್ಲಿಗೆ ವ್ಯತ್ಯಾಸ 4.4ಕ್ಕೆ ಬೆಳೆದಿತ್ತು. ಎರಡು ಬಿಂದುಗಳ ನಡುವೆ ವೇಗವನ್ನು ನಿಧಾನವಾಗಿ ಇಳಿಜಾರು ಮಾಡಿದೆ. ಅಜ್ಜಿಯ ದಾಸರ ಪದಗಳು ಆಗ ಮೊದಲ ಬಾರಿಗೆ ಹಾಡಿದವರ ದನಿಯಲ್ಲಿ ಕೇಳಿಸಿದವು.

ಉಳಿದ ಕ್ಯಾಸೆಟ್ಟುಗಳ ಚೂರುಗಳನ್ನೂ ಇದೇ ರೀತಿ ಮಾಡುತ್ತಿದ್ದೇನೆ. ಒಂದರಲ್ಲಿ ಜರ್ಮನಿಯ ಡಾಯ್ಚ ವೆಲ್ಲೆ ತನ್ನ ಗುರುತಾಗಿ ಸೆಲೆಸ್ಟಾ ವಾದ್ಯದಲ್ಲಿ ನುಡಿಸುತ್ತಿದ್ದ ಬೇತೋವನ್ ತುಣುಕು ಇದೆ. ಶಾರ್ಟ್‌ವೇವಿನ ಬಿರುಗಾಳಿಯೊಳಗಿಂದ ಗಾಜಿನ ಗೆಜ್ಜೆಯಂತೆ ಕೇಳುತ್ತದೆ. ಗುಂಡಿ ತಿರುಗಿಸುತ್ತಾ ಹುಡುಕುವ ಕಿವಿಗೆ ‘ಇಲ್ಲಿದ್ದೇನೆ’ ಎನ್ನಲು ಮಾಡಿದ ನಾದಗಳಿವು. ಅದಕ್ಕೇ ನಾಲ್ಕಾರು ಸ್ವರ, ಅದಕ್ಕೇ ಮತ್ತೆ ಮತ್ತೆ ಅದೇ.

ಅಪ್ಪನ ಕ್ಯಾಸೆಟ್ಟಿನಲ್ಲಿ ಮೈಕ್ ತೆರೆದೇ ಇತ್ತಲ್ಲ, ರೇಡಿಯೋ ಜೊತೆ ಮನೆಯೂ ತುಂಬಿಕೊಂಡಿದೆ. ಹಿತ್ತಲ ಬಾಗಿಲಿನ ಕಿರುಗುಟ್ಟು, ಬಾವಿಯ ರಾಟೆ, ಟ್ಯೂನ್ ಎರಡನೆಯ ಸಲ ಬರುವಾಗ ಅಜ್ಜಿಯ ಕೆಮ್ಮು. ರಾಟೆಯ ಸದ್ದನ್ನು ಚಿತ್ರದಲ್ಲಿ ಬಳಿದು ತೆಗೆಯಬಹುದಾದ ಉಪಕರಣಗಳು ಈಗಿವೆ, ಪರಿಚಿತರೊಬ್ಬರು ಮಾಡಿಕೊಡುತ್ತೇನೆಂದರು. ಬೇಡವೆಂದೆ. ಮೂರನೆಯ ಸಲ ಟ್ಯೂನ್ ಬರುವಾಗ ಅಪ್ಪ ಟೇಪು ಉಳಿಸಲೆಂದು ಪಾಜ್ ಗುಂಡಿ ಒತ್ತಿದ್ದಾರೆ. ಪಿಟೀಲು ಮೇಲೇರುವ ಜಾಗದಲ್ಲೇ ಕಡಿದು, ಟಕ್ ಎಂದು ವಂದೇ ಮಾತರಂ ಶುರುವಾಗುತ್ತದೆ. 1991ರ ಕ್ಯಾಸೆಟ್ಟಿನಿಂದ ಆ ಚೂರು ತಂದು ಹೊಲಿಯಬಹುದು, ಶ್ರುತಿಯೂ ಈಗ ಒಂದೇ ಇದೆ. ಅಮ್ಮನನ್ನು ಕೇಳಿದೆ. "ಆ ಟಕ್ ಅನ್ನೋದು ನಿಮ್ಮಪ್ಪಂದು, ಇರ್ಲಿ ಬಿಡು" ಅಂದರು.