ದಕ್ಕೆಯ ಎಚ್ಚಿಂಗ್ ಚಿತ್ರವನ್ನು ನೋಡುವ ಬಗೆ

ಮಂಗಳೂರಿನ ದಕ್ಕೆಯನ್ನೋ (ದೋಣಿಗಳು ತಂಗುವ ಕಟ್ಟೆ) ಮಲ್ಪೆಯನ್ನೋ ಬಲ್ಲವರು ಬಂದರಿನ ಎಚ್ಚಿಂಗ್ ಚಿತ್ರವನ್ನು, ಅಂದರೆ ಆಮ್ಲದಿಂದ ಕೊರೆದ ಲೋಹದ ತಗಡಿನಿಂದ ಅಚ್ಚೊತ್ತಿದ ಚಿತ್ರವನ್ನು, ಕಂಡೊಡನೆ ಜಾಗ ಗುರುತಿಸಲು ಹೊರಡುತ್ತಾರೆ. ಆ ಆತುರವನ್ನು ತುಸು ತಡೆದು ಮೊದಲು ಗೆರೆಗಳನ್ನು ಹತ್ತಿರದಿಂದ ನೋಡಬೇಕು. ತಾಮ್ರದ ಅಥವಾ ಸತುವಿನ ತಗಡಿಗೆ ಮೇಣದ ಲೇಪ ಬಳಿದು, ಸೂಜಿಯಿಂದ ಗೀಚಿ, ಆಮ್ಲದಲ್ಲಿ ಮುಳುಗಿಸಿದಾಗ ಗೀಚಿದಲ್ಲಿ ಮಾತ್ರ ಲೋಹ ಕೊರೆದುಹೋಗುತ್ತದೆ. ಆ ಕುಳಿಗಳಲ್ಲಿ ತುಂಬಿದ ಮಸಿ ಯಂತ್ರದ ಒತ್ತಡದಿಂದ ಒದ್ದೆ ಕಾಗದಕ್ಕೆ ಇಳಿಯುತ್ತದೆ. ಆದ್ದರಿಂದ ಗೆರೆಯ ಕಪ್ಪು ಕೈಬಲಕ್ಕಿಂತ ಹೆಚ್ಚಾಗಿ ಆಮ್ಲದಲ್ಲಿ ಕಳೆದ ಹೊತ್ತನ್ನು ಹೇಳುತ್ತದೆ. ದಕ್ಕೆಯ ಆಚೆ ದಡದ ಬೆಂಗ್ರೆಯ ತೆಂಗಿನ ಸಾಲು ಕೂದಲೆಳೆಯಷ್ಟು ತೆಳುವಾಗಿದ್ದು, ಮುಂದಿನ ಮಂಜಿಯ (ಸರಕು ಸಾಗಿಸುವ ಮರದ ಹಡಗು) ಲಂಗರು ಹಗ್ಗ ಗಾಢವಾಗಿದ್ದರೆ, ಕಲಾವಿದರು ಆ ಸಾಲನ್ನು ನಡುವೆಯೇ ವಾರ್ನಿಶ್‌ನಿಂದ ಮುಚ್ಚಿ, ಹಗ್ಗವನ್ನು ಮತ್ತೆ ಆಮ್ಲಕ್ಕೆ ಬಿಟ್ಟಿರಬೇಕು.

ದೂರದ್ದು ಅಸ್ಪಷ್ಟವಾಗಿಯೇ ಇರಬೇಕೆಂದೇನಿಲ್ಲ. ಅಮೆರಿಕದ ಕಲಾವಿದ ಜೇಮ್ಸ್ ವಿಸ್ಲರ್ 1859ರಲ್ಲಿ ಲಂಡನ್ನಿನ ಥೇಮ್ಸ್ ದಡದಲ್ಲಿ ರಚಿಸಿದ ‘ಬ್ಲ್ಯಾಕ್ ಲಯನ್ ವಾರ್ಫ್’ ಚಿತ್ರದಲ್ಲಿ ಆಚೆ ದಡದ ಹಲಗೆ, ಕಿಟಕಿಗಳೆಲ್ಲ ಸೂಕ್ಷ್ಮವಾಗಿವೆ. ಎದುರಿಗೇ ಕುಳಿತ ಮನುಷ್ಯ ಮಾತ್ರ ಸಡಿಲ ಗೆರೆಗಳಲ್ಲಿ ಮೂಡಿದ್ದಾನೆ.

ಇನ್ನು ಜಾಗ ಗುರುತಿಸಬಹುದು, ಆದರೆ ಮುದ್ರಣದಲ್ಲಿ ಎಡಬಲ ಅದಲುಬದಲಾಗುತ್ತದೆ ಎಂಬುದು ನೆನಪಿರಲಿ. ದಕ್ಕೆಯಲ್ಲಿ ಪಡುವಣಕ್ಕೆ ಮುಖಮಾಡಿ ನಿಂತರೆ ನದಿ ಕಡಲು ಸೇರುವ ಅಳಿವೆ ಬಾಗಿಲು ಎಡಕ್ಕಿದೆ. ಅಲ್ಲೇ ನಿಂತು ಕಂಡಂತೆ ತಗಡಿನ ಮೇಲೆ ಗೀಚಿದ್ದರೆ ಕಾಗದದಲ್ಲಿ ಅದು ಬಲಕ್ಕೆ ಬರುತ್ತದೆ. ಬೋಟಿನ ಹೆಸರು ನೇರವಾಗಿ ಓದಲು ಬಂದರೆ, ಅಕ್ಷರಗಳನ್ನಾದರೂ ಕಲಾವಿದರು ತಗಡಿನ ಮೇಲೆ ಹಿಮ್ಮುಖವಾಗಿ ಬರೆದಿದ್ದಾರೆ ಎಂದರ್ಥ. ನನಗೆ ಈ ಪತ್ತೆದಾರಿಕೆ ಸೂರ್ಯಾಸ್ತದ ವರ್ಣನೆಗಿಂತ ಹೆಚ್ಚು ಖುಷಿ ಕೊಡುತ್ತದೆ.

ಅನಂತರ ದುಡಿಮೆಯನ್ನು ಓದಬೇಕು. ಮಂಜಿಯ ಒಡಲು ನೀರಿನಲ್ಲಿ ಆಳಕ್ಕೆ ಕುಳಿತಿದ್ದರೆ ಸರಕು ತುಂಬಿದೆ, ಮೇಲೆದ್ದಿದ್ದರೆ ಇಳಿಸಿಯಾಗಿದೆ. ಹಗ್ಗ ಬಿಗಿದಿದೆಯೋ ಜೋತುಬಿದ್ದಿದೆಯೋ, ಮೀನಿನ ಬುಟ್ಟಿ ಹೊತ್ತವರ ಕತ್ತು ಭಾರಕ್ಕೆ ಬಿಗಿದಿದೆಯೋ, ಅದನ್ನೂ ನೋಡಬೇಕು. ಮೂರೇ ಗೆರೆಗಳಲ್ಲಿ ಆ ಭಾರವನ್ನು ತೋರಿಸಬಲ್ಲ ಕಲಾವಿದರು ದೊಡ್ಡವರು.

ಚೌಕಟ್ಟಿಲ್ಲದ ಪ್ರತಿ ಸಿಕ್ಕರೆ ಕಿಟಕಿಯ ಓರೆ ಬೆಳಕಿಗೆ ಹಿಡಿಯಿರಿ: ತಗಡಿನ ಅಂಚು ಕಾಗದದಲ್ಲಿ ಒತ್ತಿದ ಗುರುತು, ತುಸು ಉಬ್ಬಿದ ಮಸಿ ಕಾಣುತ್ತವೆ. ಕೆಳಗೆ ಪೆನ್ಸಿಲಿನಲ್ಲಿ 4/30 ಎಂದಿದ್ದರೆ ಅದು ಮೂವತ್ತರ ಪೈಕಿ ನಾಲ್ಕನೆಯ ಸಂಖ್ಯೆಯ ಪ್ರತಿ. ಕೊನೆಗೆ ನೀರು. ಅಲ್ಲಿ ಗೆರೆಗಳು ಕಡಿಮೆ; ತಗಡನ್ನು ಒರೆಸುವಾಗ ಬಿಟ್ಟ ಮಸಿಯ ತೆಳು ಪೊರೆಯೇ ಹೆಚ್ಚಿನ ಕೆಲಸ ಮಾಡುತ್ತದೆ. ಒಂದೇ ತಗಡಿನ ಎರಡು ಪ್ರತಿಗಳಲ್ಲಿ ನೀರನ್ನಷ್ಟೇ ಹೋಲಿಸಿ ನೋಡಿದರೆ, ಒಂದರಲ್ಲಿ ನಡುಹಗಲು, ಇನ್ನೊಂದರಲ್ಲಿ ಬೋಟುಗಳು ಮರಳುವ ನಸುಕು ಕಾಣಬಹುದು.