ಟ್ರೆಕ್ಕಿಂಗಿಗೆ ಹಗುರದ ಬ್ಯಾಗು, ನಮ್ಮೂರ ಬ್ಯಾಗ್ ಟೇಲರ್ ಹತ್ರಾನೇ ಹೊಲಿಸ್ಕೊಳ್ಳೋದು ಹೇಗೆ

ಅಂಗಡೀಲಿ ಸಿಗೋ 50-60 ಲೀಟರ್ ರಕ್‌ಸ್ಯಾಕ್ ಖಾಲಿ ಇದ್ದಾಗ್ಲೇ ಒಂದೂವರೆಯಿಂದ ಎರಡು ಕೇಜಿ ತೂಗತ್ತೆ. ಒಂದು ಟೀ ಶರ್ಟ್ ಕೂಡ ಒಳಗಿಟ್ಟಿಲ್ಲ ಇನ್ನೂ. ಅದೇ ಕೆಲ್ಸಕ್ಕೆ ಐನೂರು-ಆರ್ನೂರು ಗ್ರಾಮಿನ ಬ್ಯಾಗ್ ಹೊಲಿಸ್ಕೋಬೋದು, ಅದಕ್ಕೆ ಅಮೆರಿಕಾದಿಂದ ತರಿಸಿ ಕಸ್ಟಮ್ಸ್ ಕಟ್ಟೋದೇನೂ ಬೇಡ, ಶಿವಾಜಿನಗರದಲ್ಲೋ ಚಿಕ್ಕಪೇಟೆ ಕಡೆ ಗಲ್ಲೀಲೋ ಅಥವಾ ನಿಮ್ಮೂರ ಬಸ್‌ಸ್ಟ್ಯಾಂಡ್ ಹತ್ರ ಸ್ಕೂಲ್ ಬ್ಯಾಗ್ ರಿಪೇರಿ ಮಾಡ್ಕೊಂಡು ಕೂತಿರೋ ಅಣ್ಣನ ಹತ್ರಾನೋ ಆಗತ್ತೆ. ಆದ್ರೆ ಅವರಿಗೆ ಸರಿಯಾಗಿ ಹೇಳೋಕೆ ಬರ್ಬೇಕು, ಯಾಕಂದ್ರೆ ಬ್ಯಾಗ್ ಹೊಲಿಯೋರ ಕೈ ಎಲ್ಲಾ ಕಡೆ ಗಟ್ಟಿ ಮಾಡೋಕೆ ಪಳಗಿರತ್ತೆ, ನಮಗೆ ಬೇಕಿರೋದು ಏಳೇ ಏಳು ಜಾಗದಲ್ಲಿ ಗಟ್ಟಿ, ಬಾಕಿ ಎಲ್ಲಾ ತೆಳು.

ಇದು ಹೊಸ ಐಡಿಯಾ ಏನಲ್ಲ, 1990ರ ದಶಕದಲ್ಲೇ ಅಮೆರಿಕದ ರೇ ಜಾರ್ಡಿನ್ ಅನ್ನೋ ಟ್ರೆಕ್ಕರ್ ಫ್ರೇಮ್ (ಬ್ಯಾಗಿನ ಬೆನ್ನಿಗೆ ಆಸರೆ ಕೊಡೋ ಗಟ್ಟಿ ಚೌಕಟ್ಟು) ಇಲ್ದಿರೋ ಚೀಲದಂಥ ಬ್ಯಾಗನ್ನ ತಾವೇ ಹೊಲ್ಕೊಂಡು ಸಾವಿರಾರು ಕಿಲೋಮೀಟರ್ ನಡೆದು ಎಲ್ಲಾರಿಗೂ ಹುಚ್ಚು ಹಿಡ್ಸಿದ್ರು.

ಮೊದ್ಲು ಒಂದು ಮಾತು. ಫ್ರೇಮ್ ಇಲ್ದಿರೋ ಬ್ಯಾಗು ಒಟ್ಟು ಎಂಟು-ಒಂಬತ್ತು ಕೇಜಿವರೆಗೆ ಆರಾಮ, ಅದರ ಮೇಲೆ ಹೋದ್ರೆ ಭಾರ ಎಲ್ಲಾ ಭುಜಕ್ಕೆ ಬರತ್ತೆ. ಹದಿನೈದು ಕೇಜಿ ಹೊರೋರು ಇದನ್ನ ಓದೋದು ಇಲ್ಲೇ ನಿಲ್ಸಿ, ಫ್ರೇಮ್ ಇರೋದನ್ನೇ ತಗೊಳ್ಳಿ. ಆದ್ರೆ ನಮ್ಮ ಜನ ನಿಜವಾಗ್ಲೂ ಹೊರೋದು ಎಷ್ಟು ಅಂತ ನೋಡಿ: ಕುಮಾರಪರ್ವತ, ಕುದುರೆಮುಖ, ತಡಿಯಂಡಮೋಳಿಗೆ ನೀರು, ಊಟ, ಒಂದು ಜಾಕೆಟ್ಟು, ನಾಲ್ಕೈದು ಕೇಜಿ ಅಷ್ಟೆ. ಹಿಮಾಲಯಕ್ಕೆ ಕಂಪ್ನಿಯವರ ಜೊತೆ ಹೋಗೋರಿಗಂತೂ ಟೆಂಟು, ಸ್ಲೀಪಿಂಗ್ ಬ್ಯಾಗು, ಅಡುಗೆ ಎಲ್ಲಾ ಅವರದ್ದೇ, ನಮ್ಮ ಬೆನ್ನ ಮೇಲೆ ಬಟ್ಟೆ ಬರೆ ನೀರು ಸೇರಿ ಆರೇಳು ಕೇಜಿ. ಇಷ್ಟಕ್ಕೆ ಎರಡು ಕೇಜಿ ಬ್ಯಾಗ್ ಯಾಕೆ ಹೇಳಿ.

ಬ್ಯಾಗ್ ಕೊನೇಲಿ, ಸಾಮಾನು ಮೊದ್ಲು. ಹೊತ್ಕೊಂಡು ಹೋಗೋ ಸಾಮಾನೆಲ್ಲಾ ಒಂದು ರಟ್ಟಿನ ಡಬ್ಬದಲ್ಲಿ ಜೋಡ್ಸಿ, ಜಾಕೆಟ್ಟನ್ನ ಸಂದೀಲಿ ಒತ್ತಿ ತುಂಬಿ, ಎಲ್ಲೀವರ್ಗೆ ತುಂಬ್ತೋ ಅಲ್ಲೀವರ್ಗೆ ಉದ್ದ ಅಗಲ ಎತ್ತರ ಸೆಂಟಿಮೀಟರಲ್ಲಿ ಅಳೆದು ಗುಣಿಸಿ ಸಾವಿರದಿಂದ ಭಾಗ್ಸಿ, ಲೀಟರ್ ಬರತ್ತೆ. ಬ್ಯಾಗಿಗೂ ಲೆಕ್ಕ ಅದೇ: ತಳ 30 ಇಂಟು 18, ಎತ್ತರ 70 ಅಂದ್ರೆ ಹತ್ತಿರತ್ರ 38 ಲೀಟರ್. ಇದರ ಮೇಲೆ ಬಾಯಿ ಸುತ್ತಿ ಮುಚ್ಚೋಕೆ ಇನ್ನೊಂದು 25 ಸೆಂಟಿಮೀಟರ್ ಬಟ್ಟೆ ಬಿಡ್ಸಿ, ಸುತ್ತು ಬಿಚ್ಚಿದ್ರೆ ಅದೇ ಎಕ್ಸ್‌ಟ್ರಾ ಜಾಗ. ಒಂದು ದಿನದ ಬೆಟ್ಟಗಳಿಗೆ ಮಾತ್ರ ಆದ್ರೆ 25 ಲೀಟರ್ ಸಾಕೇ ಸಾಕು, 60 ಲೀಟರ್ ಹೊಲಿಸಿದ್ರೆ ತುಂಬೋವರ್ಗೂ ಸಮಾಧಾನ ಇರಲ್ಲ.

ಆಮೇಲೆ ಬೆನ್ನಿನ ಅಳತೆ, ಇದೊಂದನ್ನ ಇನ್ನೊಬ್ಬರ ಕೈಲಿ ಮಾಡಿಸ್ಕೊಳ್ಳಿ. ತಲೆ ಮುಂದಕ್ಕೆ ಬಗ್ಗಿಸಿದ್ರೆ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಸಿಗತ್ತೆ, ಅದು ಮೇಲಿನ ಗುರುತು. ಸೊಂಟದ ಎರಡೂ ಕಡೆ ಮೂಳೆ ಮೇಲೆ ಕೈ ಇಟ್ಕೊಂಡು ಹೆಬ್ಬೆರಳು ಹಿಂದಕ್ಕೆ ಮಾಡಿದ್ರೆ ಎರಡು ಹೆಬ್ಬೆರಳಿನ ನಡುವೆ ಬೆನ್ನುಮೂಳೆ ಮೇಲೆ ಬರೋದು ಕೆಳಗಿನ ಗುರುತು. ಇವೆರಡರ ನಡುವೆ ಟೇಪ್ ಬೆನ್ನಿಗೆ ಅಂಟಿಸ್ಕೊಂಡು ಅಳೀರಿ. ಬ್ಯಾಗಲ್ಲಿ ಭುಜದ ಪಟ್ಟಿ ಹೊಲಿಯೋ ಗೆರೆಯಿಂದ ಸೊಂಟದ ಬೆಲ್ಟಿನ ಮಧ್ಯಕ್ಕೆ ಇರ್ಬೇಕಾದ್ದು ಇದೇ ಅಳತೆ. ಆರಡಿ ಎತ್ತರದವರಿಗೂ ಬೆನ್ನು ಗಿಡ್ಡ ಇರ್ಬೋದು, ಎತ್ತರ ನೋಡಿ ಅಂದಾಜು ಮಾಡ್ಬೇಡಿ. ಹೊಲಿಸೋದರ ದೊಡ್ಡ ಲಾಭವೇ ಇದು ಅಂತ ನನ್ನ ಲೆಕ್ಕ, ತೂಕ ಎರಡನೇದು.

ಈಗ ಬಟ್ಟೆ. ಡೀನಿಯರ್ ಅಂತಾರಲ್ಲ, ಅದು ನೂಲಿನ ದಪ್ಪ: 9000 ಮೀಟರ್ ನೂಲು ಎಷ್ಟು ಗ್ರಾಂ ತೂಗತ್ತೆ ಅನ್ನೋ ಲೆಕ್ಕ. ಸ್ಕೂಲ್ ಬ್ಯಾಗಿಗೆ ಸಾಮಾನ್ಯವಾಗಿ ಹಾಕೋದು 600 ಡೀನಿಯರಿನ ಪಾಲಿಯೆಸ್ಟರ್. ನಮಗೆ ಬೇಕಾದ್ದು 210 ಡೀನಿಯರಿನ ರಿಪ್‌ಸ್ಟಾಪ್ ನೈಲಾನ್, ಅದೇ ಚೌಕ ಚೌಕ ಗೆರೆ ಕಾಣತ್ತಲ್ಲ ಅದು, ಎಲ್ಲಾದ್ರೂ ಹರಿದ್ರೂ ಆ ಗೆರೇಲಿ ನಿಲ್ಲತ್ತೆ. ಮೇಲೆ ಹೇಳಿದ ಸೈಜಿಗೆ ಪಾಕೆಟ್ ಎಲ್ಲಾ ಸೇರಿ ಸುಮಾರು 1.2 ಚದರ ಮೀಟರ್ ಬಟ್ಟೆ ಬೀಳತ್ತೆ. 130 ಜಿಎಸ್‌ಎಂ (ಅಂದ್ರೆ ಒಂದು ಚದರ ಮೀಟರಿಗೆ 130 ಗ್ರಾಂ) ಬಟ್ಟೆ ಆದ್ರೆ 156 ಗ್ರಾಂ ಆಯ್ತು, ಅದೇ 1000 ಡೀನಿಯರಿನ ಕಾರ್ಡುರಾ ಅನ್ನೋ ದಪ್ಪ ನೈಲಾನ್ 380 ಜಿಎಸ್‌ಎಂ ಇಟ್ಕೊಂಡ್ರೆ 456 ಗ್ರಾಂ. ಬಟ್ಟೆ ಒಂದರಲ್ಲೇ ಮುನ್ನೂರು ಗ್ರಾಂ ವ್ಯತ್ಯಾಸ. ಎಕ್ಸ್‌ಪ್ಯಾಕ್, ಡೈನೀಮಾ ಅಂತೆಲ್ಲಾ ಇನ್ನೂ ಒಳ್ಳೇವಿದಾವೆ, ಆದ್ರೆ ಆಮದು ಮಾಲು, ದುಬಾರಿ, ಜೊತೆಗೆ ಡೈನೀಮಾ ಬಟ್ಟೆ ಒಂದು ಸಲ ಸೂಜಿ ಚುಚ್ಚಿದ್ರೆ ಆ ತೂತು ಹಂಗೇ ಉಳಿಯತ್ತೆ, ಹೊಲಿಗೆ ಬಿಚ್ಚಿ ಮತ್ತೆ ಹಾಕೋ ಆಟ ನಡಿಯಲ್ಲ, ಮೊದಲ ಬ್ಯಾಗಿಗೆ ಬೇಡ. ಸಿಲಿಕಾನ್ ಕೋಟಿಂಗ್ ಇರೋದೂ ಬೇಡ, ಮಷೀನಿನ ಕಾಲಿನ ಕೆಳಗೆ ಜಾರತ್ತೆ, ಟೇಲರ್ ಬೈತಾರೆ. ಒಳಗಡೆ ಪಿಯು (ಪಾಲಿಯುರಿಥೇನ್) ಕೋಟಿಂಗ್ ಇರೋದು ತಗೊಳ್ಳಿ. ತಳಕ್ಕೆ ಮಾತ್ರ 500 ಡೀನಿಯರಿಂದು ಹಾಕ್ಸಿ, ಕಲ್ಲಿನ ಮೇಲೆ ಧಪ್ ಅಂತ ಇಡೋದು ಅದನ್ನೇ ತಾನೆ, ಅದರಲ್ಲಿ ಉಳಿದ ತುಂಡು ಕೂಡ ಬಿಸಾಕ್ಬೇಡಿ, ಗಟ್ಟಿ ಮಾಡೋ ಜಾಗಕ್ಕೆ ಬೇಕಾಗತ್ತೆ.

ಬೆಲ್ಟು ಅಂದ್ರೆ ನೈಲಾನ್ ಪಟ್ಟಿ, ಭುಜಕ್ಕೆ 20 ಎಂಎಂ, ಸೊಂಟಕ್ಕೆ 25 ಎಂಎಂ ಸಾಕು. ಬಕಲ್ ಮಾತ್ರ ರಸ್ತೆ ಬದಿ ಮಾಲು ತಗೋಬೇಡಿ, ವೈಕೆಕೆ, ನಿಫ್ಕೋ, ಡ್ಯುರಾಫ್ಲೆಕ್ಸ್ ಅಂತ ಹಿಂದೆ ಬರೆದಿರತ್ತೆ ನೋಡಿ, ಹಳೇ ಒಳ್ಳೇ ಬ್ಯಾಗು ಮನೇಲಿ ಬಿದ್ದಿದ್ರೆ ಅದರಿಂದ ಕಿತ್ಕೊಂಡ್ರೂ ನಡಿಯತ್ತೆ. ದಾರ ಪಾಲಿಯೆಸ್ಟರ್ ಅಥವಾ ಬಾಂಡೆಡ್ ನೈಲಾನ್ ಇರ್ಲಿ, ಟೆಕ್ಸ್ 70 ದಪ್ಪ. ಕಾಟನ್ ದಾರ ಮಳೇಲಿ ಕೊಳೆಯತ್ತೆ.

ಟೇಲರ್ ಹುಡ್ಕೋದು. ಬ್ಲೌಸ್, ಪ್ಯಾಂಟ್ ಹೊಲಿಯೋರ ಮಷೀನು ನಾಲ್ಕು ಪದರ ಬಟ್ಟೆ ಜೊತೆ ಬೆಲ್ಟ್ ಬಂದ್ರೆ ಸೂಜಿ ಮುರ್ಕೊಂಡು ಕೂರತ್ತೆ. ಬ್ಯಾಗ್ ಹೊಲಿಯೋರು, ಇಲ್ಲಾಂದ್ರೆ ಆಟೋ ಟಾಪು, ಬೈಕ್ ಸೀಟ್ ಕವರ್ ಹೊಲಿಯೋರ ಹತ್ರ ಹೋಗಿ, ಅವರ ಮಷೀನು ದಪ್ಪ ಮಾಲಿಗೆ ಅಂತ್ಲೇ ಇರತ್ತೆ. ಹೋಗೋ ಟೈಮೂ ಮುಖ್ಯ, ಮೇ ಕಡೇ ವಾರದಿಂದ ಜೂನ್ ಮುಗಿಯೋವರ್ಗೂ ಸ್ಕೂಲ್ ಬ್ಯಾಗ್ ಸೀಸನ್ನು, ಆಗ ನಿಮ್ಮ ವಿಚಿತ್ರ ಬ್ಯಾಗಿನ ಚಿತ್ರ ನೋಡೋಕೆ ಯಾರಿಗೂ ಪುರುಸೊತ್ತಿಲ್ಲ. ಜುಲೈ-ಆಗಸ್ಟಲ್ಲಿ ಹೋದ್ರೆ ಕೂರ್ಸಿ ಮಾತಾಡ್ತಾರೆ. ಕೂಲಿ ಚೌಕಾಸಿ ಮಾಡ್ಬೇಡಿ, ಸಾಮಾನು ನೀವೇ ತಂದ್ಕೊಟ್ಟು ಸ್ಕೂಲ್ ಬ್ಯಾಗ್ ಕೂಲಿಯ ನಾಲ್ಕೈದು ಪಟ್ಟು ಕೊಡ್ತೀನಿ ಅನ್ನಿ. ದಿನಕ್ಕೆ ಇಷ್ಟು ಪೀಸ್ ಅಂತ ಓಡ್ಸೋರು ಅವರು, ನಿಮ್ಮದೊಂದಕ್ಕೆ ಅರ್ಧ ದಿನ ಕೆಡತ್ತೆ.

ಬಾಯಲ್ಲಿ ಹೇಳಿದ್ದು, ಫೋನಲ್ಲಿ ತೋರ್ಸಿದ ಫೋಟೋ ಎರಡೂ ಉಪಯೋಗಕ್ಕೆ ಬರಲ್ಲ. ನಿಜವಾದ ಸೈಜಲ್ಲಿ ರಟ್ಟು ಕತ್ತರಿಸಿ ಪ್ಯಾಟರ್ನ್ ಮಾಡ್ಕೊಂಡು ಹೋಗಿ: ಬೆನ್ನಿನ ಭಾಗ, ಮುಂದಿನ ಭಾಗ, ಎರಡು ಪಕ್ಕ, ತಳ, ಪಾಕೆಟ್. ಪ್ರತಿ ಒಂದರ ಮೇಲೂ ಹೆಸ್ರು, ಮೇಲೆ ಯಾವ್ದು ಅಂತ ಬಾಣದ ಗುರುತು, ಮತ್ತೆ ಹೊಲಿಗೆ ಮಾರ್ಜಿನ್ ಸೇರಿದ್ಯೋ ಇಲ್ವೋ ಅಂತ ದಪ್ಪಕ್ಕೆ ಬರೀರಿ, ಸುತ್ತಲೂ ಒಂದೂವರೆ ಸೆಂಟಿಮೀಟರ್ ಬಿಟ್ರೆ ಒಳ್ಳೇದು. ಇದಾದ್ಮೇಲೆ ಶುರುವಾಗತ್ತೆ ನೋಡಿ ಅವರ ಪ್ರೀತಿ: "ಒಳಗೊಂದು ಲೈನಿಂಗ್ ಕೊಟ್ಬಿಡ್ತೀನಿ ಸಾರ್, ಗಟ್ಟಿ ಬರತ್ತೆ, ಮುಂದೆ ಎರಡು ಜಿಪ್ಪು ಹಾಕ್ತೀನಿ, ಅದಕ್ಕೆ ಎಕ್ಸ್‌ಟ್ರಾ ದುಡ್ಡು ಬೇಡ." ನಗ್ತಾ ನಗ್ತಾ ಬೇಡ ಅನ್ನಿ. ಲೈನಿಂಗ್ ಬೇಡ, ಜಿಪ್ ಬೇಡ, ಪೈಪಿಂಗ್ ಬೇಡ, ಲ್ಯಾಪ್‌ಟಾಪ್ ಖಾನೆಯಂತೂ ಬೇಡವೇ ಬೇಡ. "ಅಣ್ಣಾ, ಅದೆಲ್ಲಾ ಬಿಡಿ, ಆ ಟೈಮನ್ನ ಈ ಏಳು ಜಾಗಕ್ಕೆ ಕೊಡಿ" ಅಂತ ರಟ್ಟಿನ ಮೇಲೆ ಕೆಂಪು ಪೆನ್ನಲ್ಲಿ ಗುರ್ತು ಮಾಡಿರೋದು ತೋರ್ಸಿ.

ಆ ಏಳು ಯಾವ್ದು ಅಂದ್ರೆ ಭುಜದ ಪಟ್ಟಿಯ ಮೇಲಿನ ತುದಿ ಎರಡು, ಕೆಳಗಿನ ತುದಿ ಎರಡು, ಸೊಂಟದ ಬೆಲ್ಟಿನ ಬುಡ ಎರಡು, ಕೈಲಿ ಎತ್ತೋ ಹಿಡಿ ಒಂದು. ಅಗ್ಗದ ಬ್ಯಾಗು ಕಿತ್ಕೊಂಡು ಬರೋದು ಹೆಚ್ಚಾಗಿ ಇಲ್ಲೇ. ಮೇಲಿನ ತುದಿಗೆ ಹೀಗೆ ಮಾಡ್ಸಿ: ಉಳಿದ 500 ಡೀನಿಯರ್ ಬಟ್ಟೇಲಿ ಆರು ಸೆಂಟಿಮೀಟರ್ ಅಗಲದ ಪಟ್ಟಿ, ಬೆನ್ನಿನ ಈ ಪಕ್ಕದ ಹೊಲಿಗೆಯಿಂದ ಆ ಪಕ್ಕದ ಹೊಲಿಗೆವರ್ಗೂ ಅಡ್ಡ ಬರ್ಬೇಕು, ಭುಜದ ಪಟ್ಟಿ ಅದರ ಮೇಲೆ ಕೂರ್ಬೇಕು, ಭುಜದ ಪಟ್ಟಿಯ ತುದಿ ಮೇಲೆ ಒಂದು 25 ಎಂಎಂ ಬೆಲ್ಟ್ ಅಡ್ಡ ಹಾಕಿ ಎಲ್ಲಾ ಪದರಾನೂ ಸೇರ್ಸಿ ಮೇಲೊಂದು ಸಾಲು ಕೆಳಗೊಂದು ಸಾಲು ಹೊಲಿಗೆ, ಪಟ್ಟಿ ಬಂದ ಜಾಗದಲ್ಲಿ ಚೌಕ ಹೊಡೆದು ಅದರೊಳಗೆ ಇಂಟು ಹೊಲಿಗೆ. ಎಳೆದಾಗ ಭಾರ ಆ ತೆಳು ಬಟ್ಟೆ ಮೇಲೆ ಬೀಳ್ದೆ ಎರಡೂ ಪಕ್ಕದ ಹೊಲಿಗೆಗೆ ಹಂಚಿ ಹೋಗತ್ತೆ. ಎರಡು ಪಟ್ಟಿ ನಡುವೆ ಕತ್ತಿನ ಹತ್ರ ಆರೇಳು ಸೆಂಟಿಮೀಟರ್ ಬಿಡ್ಸಿ, ಜಾಸ್ತಿ ಬಿಟ್ರೆ ಭುಜದಿಂದ ಜಾರತ್ತೆ. ಕೆಳಗಿನ ತುದಿಗೆ ಎಂಟು ಸೆಂಟಿಮೀಟರ್ ಚೌಕದ ಬಟ್ಟೆ ತ್ರಿಕೋನ ಮಡ್ಸಿ ಅದರೊಳಗೆ 20 ಎಂಎಂ ಬೆಲ್ಟ್ ಇಟ್ಟು ಪಕ್ಕದ ಹೊಲಿಗೆಗೆ ಓರೆಯಾಗಿ ಸೇರಿಸ್ಬೇಕು. ಬೆಲ್ಟಿನ ತುದಿ ಹೊಲಿಗೆಗೆ ಸರಿಸಮ ಕತ್ತರಿಸೋಕೆ ಬಿಡ್ಬೇಡಿ, ಒಳಗೆ ಮೂರು ಸೆಂಟಿಮೀಟರ್ ಬಾಲ ಇರ್ಲಿ, ಇಲ್ಲಾಂದ್ರೆ ದಿನ ಕಳೆದಂಗೆ ನುಸುಳ್ಕೊಂಡು ಆಚೆ ಬಂದ್ಬಿಡತ್ತೆ. ಬೆಲ್ಟಿನ ಕತ್ತರಿಸಿದ ತುದಿ ಎಲ್ಲಾ ಲೈಟರಿಂದ ಸುಟ್ಟು ಮುಚ್ಚಿ. ಒಳಗಿನ ಬಟ್ಟೆ ಅಂಚಿಗೂ ತೆಳು ಪಟ್ಟಿ ಸುತ್ತಿ ಹೊಲಿಸ್ಲೇಬೇಕು, ನೈಲಾನ್ ಎಳೆ ಬಿಟ್ಕೊಳ್ತಾ ಬಿಟ್ಕೊಳ್ತಾ ಹೊಲಿಗೆವರ್ಗೂ ಬರತ್ತೆ.

ಭುಜದ ಪಟ್ಟಿಗೆ ಅವರ ಹತ್ರ ಇರೋ ಹಳದಿ ಸ್ಪಂಜು ಬೇಡ, ನೀರು ಕುಡಿಯತ್ತೆ, ಕ್ರಮೇಣ ಚಪ್ಪಟೆ ಆಗತ್ತೆ. ಆರರಿಂದ ಎಂಟು ಎಂಎಂ ಇವಿಎ ಫೋಮ್ ಕೊಡಿ, ಟೆಂಟಲ್ಲಿ ಹಾಸೋ ಮ್ಯಾಟ್ ಇರತ್ತಲ್ಲ ಆ ಥರದ್ದು. ಹೆಣ್ಮಕ್ಕಳಿಗೆ ಪಟ್ಟಿ ಎಸ್ ಆಕಾರದಲ್ಲಿ ಬಾಗಿದ್ರೆ ಎದೆ ಮೇಲೆ ಒತ್ತಲ್ಲ. ಬೆನ್ನಿಗೆ ಫೋಮ್ ಹೊಲಿಸ್ಬೇಡಿ, ಒಳಗಡೆ ಬೆನ್ನಿನ ಕಡೆ ಒಂದು ತೆಳು ಖಾನೆ ಹೊಲಿಸಿ ನಿಮ್ಮ ಮಲಗೋ ಮ್ಯಾಟನ್ನೇ ಮಡಚಿ ಅಲ್ಲಿ ತೂರ್ಸಿ, ಅದೇ ಫ್ರೇಮು, ಅದೇ ಹಾಸಿಗೆ. ಇಲ್ದಿದ್ರೆ ಬ್ಯಾಗು ಗೋಣಿಚೀಲದ ಥರ ಜೋತು ಬೀಳತ್ತೆ.

ಪಕ್ಕದ ಪಾಕೆಟ್ಟಿಗೆ ಎಲ್ಲಾರೂ ಜಾಲರಿ ಹಾಕ್ತಾರೆ, ನಮ್ಮ ಕಾಡಿಗೆ ಅದು ಆಗಲ್ಲ, ಲಂಟಾನ ಪೊದೆ ಒಂದು ಸಲ ಹಿಡ್ಕೊಂಡ್ರೆ ಮುಗೀತು. ಅದೇ ರಿಪ್‌ಸ್ಟಾಪ್ ಹಾಕ್ಸಿ, ಬಾಯಿಗೆ ಎಲಾಸ್ಟಿಕ್, ತಳದಲ್ಲಿ ನೀರು ಹೋಗೋಕೆ ಒಂದು ಐಲೆಟ್ (ಉಂಗುರ ಹಾಕಿದ ತೂತು). ಪಕ್ಕದ ಅಗಲ 18 ಇದ್ರೆ ಪಾಕೆಟ್ ಬಟ್ಟೆ 24 ಇರ್ಲಿ, ಎಕ್ಸ್‌ಟ್ರಾ ಆರನ್ನ ಕೆಳಗೆ ನೆರಿಗೆ ಹಿಡೀಲಿ, ಸಪಾಟಾಗಿ ಹೊಲಿದ್ರೆ ಬ್ಯಾಗ್ ತುಂಬಿದ್ಮೇಲೆ ಬಾಟಲ್ ಒಳಗೇ ಹೋಗಲ್ಲ. ಬಾಯಿ ಮುಂದಕ್ಕೆ ಓರೆಯಾಗಿ ಇಳಿದಿದ್ರೆ ಬ್ಯಾಗ್ ಹೊತ್ಕೊಂಡೇ ಬಾಟಲ್ ತೆಗೀಬೋದು.

ಒಳ್ಳೇ ಬಟ್ಟೆಗೆ ಕತ್ರಿ ಹಾಕೋ ಮುಂಚೆ ಒಂದು ಡಮ್ಮಿ ಹೊಲಿಸ್ಲೇಬೇಕು, ಇದಕ್ಕೆ ನಮ್ಮೂರಲ್ಲಿ ಬರ ಇಲ್ಲದ ವಸ್ತು ಹಳೇ ಫ್ಲೆಕ್ಸ್ ಬ್ಯಾನರ್. ಹುಟ್ಟುಹಬ್ಬ ಮುಗಿದ ಯಾವ್ದೋ ಲೀಡರ್ ಮುಖ ಇರೋ ಬ್ಯಾಗಿಗೆ ಎಂಟು ಕೇಜಿ ಅಕ್ಕಿ ತುಂಬ್ಕೊಂಡು ಮೆಟ್ಲು ಹತ್ತಿ ಇಳೀರಿ. ಪಟ್ಟಿ ಭುಜದ ಹಿಂದೆ ಎದ್ದು ನಿಂತ್ರೆ, ಇಲ್ಲಾ ಸೊಂಟದ ಬೆಲ್ಟ್ ತಿಕದ ಮೇಲೆ ಕೂತ್ರೆ ಬೆನ್ನಳತೆ ಜಾಸ್ತಿ ಆಗಿದೆ, ಬೆಲ್ಟ್ ಸೊಂಟದ ಮೂಳೆ ಬಿಟ್ಟು ಮೇಲೆ ಹೊಟ್ಟೆಗೆ ಬಂದ್ರೆ ಕಮ್ಮಿ ಆಗಿದೆ. ಆ ಫ್ಲೆಕ್ಸ್ ಮೇಲೇ ಮಾರ್ಕರಲ್ಲಿ ತಿದ್ದಿ ಟೇಲರಿಗೆ ತೋರ್ಸಿ, ಅವರಿಗೂ ಆಗ ಪೂರ್ತಿ ಅರ್ಥ ಆಗತ್ತೆ. ಅಸಲಿ ಬಟ್ಟೆಗೆ ಗುಂಡುಪಿನ್ ಚುಚ್ಬೇಡಿ ಅಂತ ಹೇಳಿ, ಕೋಟಿಂಗಲ್ಲಿ ತೂತು ಉಳಿಯತ್ತೆ, ಪೇಪರಿಗೆ ಹಾಕೋ ಬೈಂಡರ್ ಕ್ಲಿಪ್ ಒಂದು ಡಬ್ಬ ಕೊಟ್ಬಿಡಿ.

ಬ್ಯಾಗ್ ಕೈಗೆ ಬಂದಾಗ ಅಂಗಡೀಲೇ ಒಳಗಿಂದ ಹೊರಗೆ ಮಾಡಿ ಹೊಲಿಗೆ ಎಲ್ಲಾ ಬೆರಳಲ್ಲಿ ಎಳೆದು ನೋಡಿ, ಒಂದು ಇಂಚಿಗೆ ಎಂಟರಿಂದ ಹತ್ತು ಹೊಲಿಗೆ ಇರ್ಬೇಕು, ತೀರಾ ಒತ್ತಾಗಿದ್ರೂ ಅಂಚೆ ಸ್ಟ್ಯಾಂಪಿನ ಹಾಗೆ ಅದೇ ಸಾಲಲ್ಲಿ ಹರಿಯತ್ತೆ. ಮನೇಲಿ ಹದಿನೈದು ಕೇಜಿ ತುಂಬಿ ಒಂದೇ ಭುಜದ ಪಟ್ಟೀಲಿ ರಾತ್ರಿ ಪೂರ್ತಿ ನೇತಾಕಿ, ಕಿತ್ಕೊಳ್ಳೋದಿದ್ರೆ ಮನೇಲೇ ಕಿತ್ಕೊಳ್ಲಿ.

ಮಳೆ ವಿಷ್ಯ ಸುಮ್ನೆ ತಲೆ ಕೆಡಿಸ್ಕೋಬೇಡಿ. ಸೂಜಿ ತೂತು ಇದ್ದ ಮೇಲೆ ಮಲೆನಾಡಿನ ಮಳೆಗೆ ಯಾವ ಬ್ಯಾಗೂ ನಿಲ್ಲಲ್ಲ, ಒಳಗಡೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು ಅದರಲ್ಲಿ ಬಟ್ಟೆ ಹಾಕಿ ಬಾಯಿ ತಿರುಚಿಬಿಡಿ, ರೈನ್ ಕವರಿಗಿಂತ ಇದೇ ವಾಸಿ, ಯಾಕಂದ್ರೆ ಕವರ್ ಹಾಕಿದ್ರೂ ಬೆನ್ನಿನ ಕಡೆಯಿಂದ ಇಳಿಯೋ ನೀರು ಬಂದೇ ಬರತ್ತೆ. ಟ್ರೆಕ್ ಮುಗಿಸಿ ಬಂದ್ಮೇಲೆ ಒದ್ದೆ ಬ್ಯಾಗನ್ನ ಮಡ್ಸಿ ಅಟ್ಟದ ಮೇಲೆ ಎಸೀಬೇಡಿ, ತೇವಕ್ಕೆ ಪಿಯು ಕೋಟಿಂಗ್ ಅಂಟಂಟಾಗಿ ಸಿಪ್ಪೆ ಏಳತ್ತೆ, ವಾಷಿಂಗ್ ಮಷೀನಿಗೂ ಹಾಕ್ಬೇಡಿ, ತಣ್ಣೀರಲ್ಲಿ ಕೈಲಿ ಜಾಲಾಡ್ಸಿ ನೆರಳಲ್ಲಿ ಒಣಗಿಸಿ. ಮತ್ತೆ ಟೇಲರ್ ಹತ್ರ ಆ ರಟ್ಟಿನ ಪ್ಯಾಟರ್ನನ್ನ ಮರೀದೆ ವಾಪಸ್ ಇಸ್ಕೊಳ್ಳಿ, ಬ್ಯಾಗ್ ನೋಡಿದ ಫ್ರೆಂಡ್ಸು ನಂಗೂ ಒಂದು ಅಂತ ಕೇಳೇ ಕೇಳ್ತಾರೆ, ಬೆನ್ನಳತೆ ಒಂದು ಬದಲಾಯಿಸಿದ್ರೆ ಆಯ್ತು.