ತೋಳು ಹಿಡಿದು ಕಾಸು ಕೇಳೋರಿಂದ ಪಾರಾಗೋಕೆ ನನಗೆ ಕೊನೆಗೂ ವರ್ಕ್ ಆದ ದಾರಿ

ಭಿಕ್ಷೆ ಬೇಡೋದು ಬೇರೆ, ತೋಳು ಹಿಡಿದು ದಾರಿಗೆ ಅಡ್ಡ ನಿಲ್ಲೋದು ಬೇರೆ. ನಾನು ಹೇಳ್ತಿರೋದು ಎರಡನೇ ಥರದವರ ಬಗ್ಗೆ. "ಇದೆಲ್ಲ ನಡೆಯಲ್ಲ ಮಾರಾಯ, ಏನೋ ಕೊಟ್ಟು ಕೈತೊಳ್ಕೊ" ಅಂತ ನಕ್ಕಿದ್ದ ಆಫೀಸಿನವರೇ ಈಗ ಸ್ಟೇಷನ್‌ನಿಂದ ನನ್ನ ಜೊತೆಗೇ ನಡ್ಕೊಂಡು ಬರ್ತಾರೆ, ಅದಕ್ಕೇ ಬರೀತಿದೀನಿ.

ಮೊದ್ಲು ಚಿಲ್ಲರೆ ಕೊಟ್ಟು ಜಾರ್ಕೊಳ್ತಿದ್ದೆ. ಒಬ್ಬರಿಗೆ ಕೊಟ್ರೆ ಇನ್ನಿಬ್ಬರು ಎಲ್ಲಿಂದಲೋ ಪ್ರತ್ಯಕ್ಷ, ಮಾರನೇ ದಿನ ಅದೇ ಮನುಷ್ಯ ದೂರದಿಂದಲೇ ಗುರುತು ಹಿಡಿದು ಓಡಿ ಬರೋನು, ತಿಂಗಳಿಗೆ ಹೆಚ್ಚುಕಮ್ಮಿ ಮೊಬೈಲ್ ರೀಚಾರ್ಜಿನ ಎರಡರಷ್ಟು ಹೋಗ್ತಿತ್ತು. ಚಿಲ್ಲರೆ ಇಲ್ಲ ಅಂದ್ರೆ "ನೋಟು ಕೊಡಿ ಸಾರ್, ಚಿಲ್ಲರೆ ನಾನು ಕೊಡ್ತೀನಿ" ಅಂದ! ಫೋನಲ್ಲಿ ಮಾತಾಡೋ ನಾಟಕ ಆಡಿದೆ, ಕಿವಿ ಹತ್ರಾನೇ ರಿಂಗ್ ಆಗ್ಬಿಡ್ತು, ಕಾಸು ಕೇಳ್ತಿದ್ದ ಆಯಮ್ಮ ಬಿದ್ದು ಬಿದ್ದು ನಕ್ಕಳು. ಗದರಿದ್ರೆ ಜನ ಸೇರ್ತಾರೆ, ಸೇರಿದ ಜನ ನಮ್ಮ ಕಡೆ ಇರಲ್ಲ.

ಕೆಲಸ ಮಾಡಿದ್ದು ಇಷ್ಟೇ, ಕಾಲು ನಿಲ್ಲಿಸಬಾರದು. ಅವರಿಗೆ ಬೇಕಿರೋದು ನೀವು ನಿಲ್ಲೋ ಆ ಅರೆಗಳಿಗೆ. ಎದುರಿಗೆ ಬಂದ್ರೆ ಅದೇ ಸ್ಪೀಡಲ್ಲಿ ಒಂದು ಹೆಜ್ಜೆ ಪಕ್ಕಕ್ಕೆ, ಅಂಗೈ ಸೊಂಟದ ಮಟ್ಟಕ್ಕೆ, ಒಂದೇ ಒಂದು ಸಲ "ಇಲ್ಲಪ್ಪ". ಕಾರಣ ಹೇಳ್ಬೇಡಿ, ಪ್ರತಿ ಕಾರಣಕ್ಕೂ ಅವರತ್ರ ಉತ್ತರ ರೆಡಿ ಇರುತ್ತೆ. ಜೇಬು ಮುಟ್ಟಿ ನೋಡ್ಕೊಳ್ಳೋದೂ ಬೇಡ, ಪರ್ಸ್ ಎಲ್ಲಿದೆ ಅಂತ ನೀವೇ ತೋರಿಸಿಕೊಟ್ಟ ಹಾಗೆ. ಹತ್ತು ಹದಿನೈದು ಹೆಜ್ಜೆ ಹಿಂದೆ ಬರ್ತಾರೆ, ಅಷ್ಟೇ, ಜಾಸ್ತಿ ದೂರ ಬಂದ್ರೆ ಅವರ ಜಾಗಕ್ಕೆ ಇನ್ನೊಬ್ಬ ಬಂದು ಕೂರ್ತಾನೆ. ತೋಳಿಗೇ ಕೈ ಹಾಕಿದ್ರೆ ಮಾತ್ರ ಜೋರಾಗಿ "ಕೈ ತೆಗಿ" ಅಂದು ಸೀದಾ ಜನ ಇರೋ ಅಂಗಡಿಯೊಳಗೆ ಹೋಗ್ತೀನಿ.

ನಡುವೆ ಒಂದು ಪ್ರಯೋಗನೂ ಮಾಡಿದೆ. ಮಗುಗೆ ಹಾಲಿನ ಪುಡಿ ಕೊಡಿಸಿ ಅಂತ ಒಬ್ಬಳು ಬೆನ್ನು ಹತ್ತಿದ್ಲು, ಕೊಡಿಸಿದೆ, ಡಬ್ಬ ಸ್ವಲ್ಪ ಹೊತ್ತಲ್ಲೇ ವಾಪಸ್ ಅದೇ ಅಂಗಡಿ ಶೆಲ್ಫಿಗೆ! ಮುಂದಿನ ಸಲ ಕೌಂಟರಲ್ಲೇ ಸೀಲ್ ಕಿತ್ತು ಕೊಟ್ಟೆ, ಮುಖ ಸಿಂಡರಿಸಿಕೊಂಡು ಬಿಟ್ಟೇ ಹೋದ್ಲು. ಡಬ್ಬದ ದುಡ್ಡು ದಂಡ, ಆದ್ರೂ ಮಜಾ ಬಂತು. ನಿಜವಾಗ್ಲೂ ಬೇಕಿದ್ದೋರು ಸೀಲ್ ನೋಡಲ್ಲ, ಅಂಥವರಿಗೆ ಈಗ್ಲೂ ಕೊಡ್ತೀನಿ. ಖರ್ಚು ಈಗ ಕಾಲು ಭಾಗಕ್ಕೆ ಇಳಿದಿದೆ.

ಸಿಗ್ನಲಲ್ಲಿ ಗಾಜು ಬಡಿಯೋರ ಹತ್ರ ಇದು ನಡೆಯಲ್ಲ, ಅಲ್ಲಿ ನಾವು ನಿಂತೇ ಇರ್ತೀವಲ್ಲ. ಮುಂದಿನ ಗಾಡಿಗೆ ಸ್ವಲ್ಪ ಗ್ಯಾಪ್ ಬಿಟ್ಟು ನಿಲ್ಸಿ, ಗ್ಲಾಸ್ ಏರಿಸಿ, ಲಾಕ್ ಹಾಕಿ. ಇನ್ನೊಂದು ಐಡಿಯಾ ಇದೆ, ಅದನ್ನ ಹೇಳಲ್ಲ, ಎಲ್ರೂ ಶುರು ಮಾಡಿದ್ರೆ ನನಗೇ ಉಪಯೋಗಕ್ಕೆ ಬರಲ್ಲ.